ಸೌಹಾರ್ದ ಪಂದ್ಯವೂ ಕ್ಲಬ್ಬಿನ ಅಭಿಮಾನಿಯೂ

2014ರ ಸೆಪ್ಟೆಂಬರ್ 3ರಂದು, ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ಮುಗಿದು ಇನ್ನೂ ಎರಡು ತಿಂಗಳು ತುಂಬದಿದ್ದಾಗ, ಅಲ್ಲಿ ಗೆದ್ದ ಜರ್ಮನಿಯೂ ಸೋತ ಅರ್ಜೆಂಟೀನಾವೂ ಡುಸೆಲ್ಡಾರ್ಫ್ ನಗರದಲ್ಲಿ ಸೌಹಾರ್ದ ಪಂದ್ಯವೊಂದರ ನಿಮಿತ್ತ ಮತ್ತೆ ಎದುರುಬದುರಾದುವು. ಆ ಪಂದ್ಯದ ಮೇಲೆ ಕಣ್ಣಿಟ್ಟಿದ್ದ ಮೂರನೆಯ ಪಂಗಡವೊಂದು ಇಂಗ್ಲೆಂಡಿನಲ್ಲಿತ್ತು: ಅವರು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಅಭಿಮಾನಿಗಳು. ಬ್ರಿಟನ್ನಿನ ಯಾವ ಕ್ಲಬ್ಬೂ ಅದುವರೆಗೆ ತೆತ್ತಿರದಿದ್ದ ಬೆಲೆಯನ್ನು, ಎಂದರೆ ಸುಮಾರು ಆರು ಕೋಟಿ ಪೌಂಡುಗಳನ್ನು ತೆತ್ತು ಅವರ ಕ್ಲಬ್ಬು ಏಂಜೆಲ್ ಡಿ ಮರಿಯಾ ಅವರನ್ನು ಕೊಂಡು ತಂದು ಆಗ್ಗೆ ಒಂದು ವಾರವಷ್ಟೇ ಆಗಿತ್ತು. ಡಿ ಮರಿಯಾ ಆ ರಾತ್ರಿ ಮೂರು ಗೋಲುಗಳಿಗೆ ದಾರಿ ಮಾಡಿಕೊಟ್ಟು, ನಾಲ್ಕನೆಯದನ್ನು ತಾವೇ ಹೊಡೆದರು. ಅರ್ಜೆಂಟೀನಾ 4–2ರಿಂದ ಗೆದ್ದಿತು. ಇನ್ನು ತನ್ನ ಕಷ್ಟವೆಲ್ಲ ಕಳೆಯಿತೆಂದು ಭಾವಿಸಿದ ಅಭಿಮಾನಿಗೆ ಮರುವರ್ಷದ ಆಗಸ್ಟ್ ತಿಂಗಳು ಬರುವ ವೇಳೆಗೆ ಕಂಡದ್ದೇನೆಂದರೆ, ಲೀಗಿನಲ್ಲಿ ಕೇವಲ 3 ಗೋಲು ಗಳಿಸಿದ ಡಿ ಮರಿಯಾ ಪ್ಯಾರಿಸ್ಸಿನ ಕ್ಲಬ್ಬಿಗೆ ಹೊರಟುಹೋದದ್ದು.

ಡುಸೆಲ್ಡಾರ್ಫಿನಲ್ಲಿ ಕಂಡ ಕಲೆ ಸುಳ್ಳಾಗಿರಲಿಲ್ಲ. ಸುಳ್ಳಾದುದು ಅದರಿಂದ ತೆಗೆದ ಅನುಮಾನ. ಲಾಮ್, ಕ್ಲೋಸ, ಮೆರ್ಟೆಸಾಕರ್ ಮೂವರೂ ದೇಶದ ತಂಡದಿಂದ ನಿವೃತ್ತರಾದ ಮೇಲೆ ಜರ್ಮನಿ ಆಡಿದ ಮೊದಲ ಪಂದ್ಯ ಅದು. ಅರ್ಜೆಂಟೀನಾ ಡಿ ಮರಿಯಾ ಅವರಿಗೆ ಅಂಚಿನಲ್ಲಿ ವಿಶಾಲವಾದ ಬಯಲನ್ನು ಬಿಟ್ಟುಕೊಟ್ಟಿತ್ತು. ಮ್ಯಾಂಚೆಸ್ಟರಿನಲ್ಲಿಯಾದರೋ ಅವರನ್ನು ಒಮ್ಮೆ ಮಧ್ಯರಂಗದಲ್ಲಿ, ಒಮ್ಮೆ ಅಂಚಿನಲ್ಲಿ, ಒಮ್ಮೆ ಮುಂಪಂಕ್ತಿಯಲ್ಲಿ ನಿಲ್ಲಿಸಿ ನೋಡಲಾಯಿತು. ಸೌಹಾರ್ದ ಪಂದ್ಯವನ್ನು ನೋಡಿದ ಅಭಿಮಾನಿ ‘ನಮ್ಮವನು ಹೇಗೆ ಆಡಿದ?’ ಎಂದು ಕೇಳುತ್ತಾನೆ. ಅದಕ್ಕೆ ಮುಂಚೆ ಕೇಳತಕ್ಕ ಪ್ರಶ್ನೆಯೊಂದುಂಟು: ‘ಅವನನ್ನು ಯಾವ ಕೆಲಸಕ್ಕೆಂದು ಕಳುಹಿಸಿದ್ದರು?’ ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಎರಡನೆಯದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಸಿಗತಕ್ಕದ್ದು.

ಸೌಹಾರ್ದ ಪಂದ್ಯವೆಂಬುದು ಕೋಚಿನ ತಾಲೀಮು. ನಾಟಕ ಕಂಪನಿಯ ತಾಲೀಮಿನಲ್ಲಿ ಭೀಮನ ಪಾತ್ರಧಾರಿ ಊರಿಗೆ ಹೋಗಿದ್ದರೆ ವಿದೂಷಕನೇ ಗದೆ ಹಿಡಿದು ನಿಲ್ಲುವುದುಂಟು. ಅದನ್ನು ಕಿಟಕಿಯಿಂದ ಇಣುಕಿ ನೋಡಿದವನು ‘ಈ ಕಂಪನಿಯ ಭೀಮ ಬಲು ಸಣಕಲ’ ಎಂದು ಊರೆಲ್ಲ ಸಾರಿದರೆ ತಪ್ಪು ಕಂಪನಿಯದಲ್ಲ. 2003ರ ಫೆಬ್ರವರಿಯಲ್ಲಿ ಲಂಡನ್ನಿನ ಅಪ್ಟನ್ ಪಾರ್ಕಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡುತ್ತಿದ್ದ ಇಂಗ್ಲೆಂಡ್ ತಂಡದ ಕೋಚ್ ಸ್ವೆನ್ ಗೊರಾನ್ ಎರಿಕ್ಸನ್, ವಿರಾಮದ ವೇಳೆಯಲ್ಲಿ ಹನ್ನೊಂದು ಮಂದಿಯನ್ನೂ ಬದಲಾಯಿಸಿಬಿಟ್ಟರು. ಇಂಗ್ಲೆಂಡ್ 1–3ರಿಂದ ಸೋತಿತು. ಆದರೆ ಎರಡನೆಯ ಅವಧಿಯಲ್ಲಿ ಇಳಿದವರ ಪೈಕಿ ಎವರ್ಟನ್ ಕ್ಲಬ್ಬಿನ ಹದಿನೇಳರ ಹುಡುಗ ವೇಯ್ನ್ ರೂನಿಯೂ ಒಬ್ಬರಾಗಿದ್ದರು. ಆ ರಾತ್ರಿಯ ಫಲಿತಾಂಶವನ್ನು ಹಿಡಿದುಕೊಂಡು ಅಳುವವನು ಅಳಬಹುದಿತ್ತು. ಎವರ್ಟನ್ ಅಭಿಮಾನಿಗಾದರೋ ನೋಡಲು ಬೇರೆಯೇ ಒಂದಿತ್ತು. ಇಂಥ ಸಾಮೂಹಿಕ ಬದಲಾವಣೆಗಳಿಂದ ಪಂದ್ಯದ ಮಾನವೇ ಹೋಗುತ್ತದೆಂದು 2004ರಲ್ಲಿ ಬದಲಿ ಆಟಗಾರರ ಸಂಖ್ಯೆಯನ್ನು ಆರಕ್ಕೆ ಮಿತಿಗೊಳಿಸಲಾಯಿತು.

ಫಿಫಾ ಸಂಸ್ಥೆಯೇ ಈ ಪಂದ್ಯಗಳನ್ನು ಎಷ್ಟು ತೂಕದವೆಂದು ಎಣಿಸುತ್ತದೆಂಬುದನ್ನು ಅದರ ಶ್ರೇಯಾಂಕದ ಲೆಕ್ಕದಿಂದ ತಿಳಿಯಬಹುದು. 2018ರಲ್ಲಿ ಜಾರಿಗೆ ಬಂದ ಪದ್ಧತಿಯ ಪ್ರಕಾರ, ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಗೊತ್ತುಮಾಡಿದ ದಿನಗಳ ಹೊರಗೆ ಆಡಿದ ಸೌಹಾರ್ದ ಪಂದ್ಯಕ್ಕೆ 5, ಆ ದಿನಗಳಲ್ಲೇ ಆಡಿದ್ದಕ್ಕೆ 10, ವಿಶ್ವಕಪ್ಪಿನ ಅರ್ಹತಾ ಪಂದ್ಯಕ್ಕೆ 25, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಮತ್ತು ಅದರಿಂದ ಮುಂದಿನ ಪಂದ್ಯಗಳಿಗೆ 60 ಎಂದು ಪ್ರಾಮುಖ್ಯದ ಅಂಕಗಳುಂಟು. ಅಭಿಮಾನಿಯೂ ತನ್ನ ಹರ್ಷ ವಿಷಾದಗಳನ್ನು ಇದೇ ಪ್ರಮಾಣದಲ್ಲಿ ಅಳೆದುಕೊಂಡರೆ ಅವನ ರಾತ್ರಿಯ ನಿದ್ರೆಗೆ ಒಳ್ಳೆಯದು.

ಬೆಂಗಳೂರಿನವರಿಗೆ ಅಭಿಮಾನಿಯ ಈ ಪಾಡು ಪರದೇಶದ ಸಂಗತಿಯಲ್ಲ. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ಸಿನಲ್ಲಿ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್, ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ಹೆಸರು ಮಾಡಿದ ಅಹ್ಮದ್ ಖಾನ್, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಡಿದ ಕೆಂಪಯ್ಯ ಇವರೆಲ್ಲ ಈ ಊರಿನ ಬಯಲುಗಳಲ್ಲಿ ಕಾಲ್ಚೆಂಡು ಕಲಿತವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇಂದಿಗೂ ಪೆಲೆಯ ವಿಗ್ರಹ ನಿಂತಿದೆ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿಯ ಒಂದು ಜನಾಂಗವನ್ನೇ ಸೃಷ್ಟಿಸಿದ ಮೇಲೆ, ಭಾರತ ತಂಡ ಎಲ್ಲಿಯೇ ಆಡಲಿ, ‘ನಮ್ಮವರು ಎಷ್ಟು ಮಂದಿ?’ ಎಂಬ ಲೆಕ್ಕ ಇಲ್ಲಿ ಮೊದಲು ನಡೆಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ನಮ್ಮವನ ತಪ್ಪು ಪಾಸು ಕಾಣುವುದಿಲ್ಲ, ಕೊಚ್ಚಿಯವನದೋ ಗೋವೆಯವನದೋ ಆದರೆ ತಪ್ಪದೆ ಕಾಣುತ್ತದೆ. ಇದರ ವಿಪರೀತವೂ ಉಂಟು: ನಮ್ಮವನಿಂದ ಅತಿಯಾಗಿ ನಿರೀಕ್ಷಿಸಿ, ಒಂದೇ ಸೋಲಿಗೆ ಅವನ ಮೇಲೆ ಮುನಿದುಕೊಳ್ಳುವುದು.

2021ರ ಮಾರ್ಚಿನಲ್ಲಿ ಹಾಗೆ ಮುನಿದವರು ಕಡಿಮೆ ಇರಲಿಲ್ಲ. ಸಾಂಕ್ರಾಮಿಕ ರೋಗದ ದೆಸೆಯಿಂದ 2019ರ ನವೆಂಬರಿನಿಂದ ಒಂದೂ ಪಂದ್ಯವಾಡದೆ ಇದ್ದ ಭಾರತ ತಂಡ ದುಬೈಗೆ ಹೋಗಿ, 25ರಂದು ಓಮನ್ ಜೊತೆಗೆ 1–1ರ ಸಮ ಮಾಡಿಕೊಂಡಿತು. ಕೋಚ್ ಇಗೊರ್ ಸ್ಟಿಮಾಚ್ ಆ ದಿನ ಹತ್ತು ಮಂದಿಗೆ ಮೊದಲ ಬಾರಿಗೆ ದೇಶದ ಅಂಗಿ ತೊಡಿಸಿದರು. ಅವರಲ್ಲಿ ಬೆಂಗಳೂರು ಎಫ್‌ಸಿಯ ಮಧ್ಯರಂಗದ ಸುರೇಶ್ ಸಿಂಗ್ ವಾಂಗ್ಜಮ್ ಒಬ್ಬರು. ನಾಲ್ಕು ದಿನಗಳ ತರುವಾಯ ತಂಡದಲ್ಲಿ ಬಹಳಷ್ಟು ಬದಲಾವಣೆ ಮಾಡಿಕೊಂಡು ಸಂಯುಕ್ತ ಅರಬ್ ಎಮಿರೇಟ್ಸ್ ಎದುರಿಗೆ ಇಳಿದಾಗ ಭಾರತ 0–6ರಿಂದ ಸೋತಿತು. ಗೋಲು ಕಂಬಗಳ ನಡುವೆ ನಿಂತಿದ್ದವರು ಬೆಂಗಳೂರಿನ ಗುರುಪ್ರೀತ್ ಸಿಂಗ್ ಸಂಧು. ಆರು ಗೋಲು ಬಿಟ್ಟ ಗೋಲ್‌ಕೀಪರನನ್ನು ಹೊಗಳುವ ಧೈರ್ಯ ಯಾರಿಗಿದ್ದೀತು? ಆದರೆ ಅದೇ ವರ್ಷದ ಜೂನ್ 3ರಂದು, ದೋಹಾದಲ್ಲಿ ಏಷ್ಯದ ಚಾಂಪಿಯನ್ ಕತಾರ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ನಡೆದಾಗ, ಬೆಂಗಳೂರು ಕ್ಲಬ್ಬಿನವರೇ ಆದ ರಾಹುಲ್ ಭೇಕೆ 17ನೆಯ ನಿಮಿಷದಲ್ಲಿಯೇ ಎರಡನೆಯ ಹಳದಿ ಕಾರ್ಡ್ ಪಡೆದು ಹೊರನಡೆದ ಮೇಲೂ, ಹತ್ತು ಜನರ ಭಾರತ ಬಿಟ್ಟುಕೊಟ್ಟದ್ದು ಒಂದೇ ಗೋಲು. ಅದಕ್ಕೆ ಮುಖ್ಯ ಕಾರಣ ಅದೇ ಗುರುಪ್ರೀತ್. ಮಾರ್ಚಿಗೂ ಜೂನಿಗೂ ನಡುವೆ ಅವರ ಕೈಗಳು ಬೇರೆಯಾಗಿರಲಿಲ್ಲ. ಮಾರ್ಚಿನಲ್ಲಿ ಅವರ ಮುಂದೆ ನಿಂತ ರಕ್ಷಣಾ ಪಂಕ್ತಿ ಪ್ರಯೋಗದ್ದು. ಜೂನಿನಲ್ಲಿ ತಂಡಕ್ಕೆ ತಾನು ಹಿಂದೆ ಸರಿದು ಕೋಟೆ ಕಾಯಬೇಕೆಂಬುದು ತಿಳಿದಿತ್ತು.

ಹಾಗಾದರೆ ಪಂದ್ಯದ ಹಿಂದಿನ ದಿನ ವಾಚಕರು ಮಾಡಿಕೊಳ್ಳಬಹುದಾದ ಸಿದ್ಧತೆಯೇನು? ಬಹಳವಿಲ್ಲ. ಶಿಬಿರ ಎಂದು ಪ್ರಾರಂಭವಾಯಿತು, ನಮ್ಮ ಆಟಗಾರ ಕ್ಲಬ್ಬಿನ ಕೊನೆಯ ಪಂದ್ಯವನ್ನು ಎಂದು ಆಡಿ, ಎಷ್ಟು ದೂರ ಪ್ರಯಾಣ ಮಾಡಿ ಬಂದ ಎಂಬುದನ್ನು ಪತ್ರಿಕೆಯಿಂದ ತಿಳಿದುಕೊಂಡಿರಬೇಕು; ಎರಡು ದಿನ ಮಾತ್ರ ಒಟ್ಟಿಗೆ ಅಭ್ಯಾಸ ಮಾಡಿದ ಹನ್ನೊಂದು ಜನರಿಂದ ಒಂದು ಋತುವಿಡೀ ಒಟ್ಟಿಗೆ ಆಡಿದ ಕ್ಲಬ್ಬಿನ ಹೊಂದಿಕೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ತಂಡದ ಪಟ್ಟಿ ಹೊರಬಿದ್ದೊಡನೆ ಅವನ ಪಕ್ಕದಲ್ಲಿ ಯಾರಿದ್ದಾರೆಂದು ನೋಡಬೇಕು. ಕ್ಲಬ್ಬಿನಲ್ಲಿ ಎಡಗಡೆ ಆಡುವವನನ್ನು ದೇಶಕ್ಕಾಗಿ ಬಲಗಡೆ ನಿಲ್ಲಿಸಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು, ಏಕೆಂದರೆ ಎಪ್ಪತ್ತನೆಯ ನಿಮಿಷದ ಕೋಪದಲ್ಲಿ ಇದು ನೆನಪಿರುವುದಿಲ್ಲ.

ಪಂದ್ಯದ ಹೊತ್ತಿನಲ್ಲಿ ಮಾಡತಕ್ಕ ಕೆಲಸವೇ ನಿಜವಾಗಿ ಕಷ್ಟದ್ದು. ದೂರದರ್ಶನದ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಕಣ್ಣು ಕ್ಯಾಮೆರಾದ ಹಿಂದೆ ಓಡುತ್ತದೆ. ತೊಂಬತ್ತು ನಿಮಿಷಗಳಲ್ಲಿ ಒಬ್ಬ ಆಟಗಾರನ ಕಾಲಿನಲ್ಲಿ ಚೆಂಡಿರುವುದಾದರೋ ಎರಡು ಮೂರು ನಿಮಿಷ ಮಾತ್ರ. ಉಳಿದ ಕಾಲವೆಲ್ಲ ಅವನೇನು ಮಾಡುತ್ತಿದ್ದಾನೆಂಬುದನ್ನು ನೋಡದೆ ಅವನನ್ನು ತೂಗಲು ಹೊರಡುವುದು ದುಸ್ಸಾಹಸ. ಮೈದಾನಕ್ಕೆ ಹೋದವರಿಗೆ ಚೆಂಡನ್ನು ಬಿಟ್ಟು ಆಟಗಾರನನ್ನು ನೋಡುವ ಅನುಕೂಲ ಇದ್ದೇ ಇರುತ್ತದೆ. ಅರ್ಧ ಗಂಟೆ ಆಟ ನೋಡಿ. ಅನಂತರ ಹತ್ತು ನಿಮಿಷ ಚೆಂಡನ್ನು ಮರೆತು ನಿಮ್ಮವನೊಬ್ಬನನ್ನೇ ನೋಡಿ.

ಅವನು ಗೋಲ್‌ಕೀಪರ್ ಆಗಿದ್ದರೆ ಎದುರಾಳಿಯ ಕಾರ್ನರ್ ಹೊಡೆತವನ್ನು ಕಾದು ನೋಡತಕ್ಕದ್ದು. ಹೊಡೆಯುವವನು ಕೈಯೆತ್ತಿ ಸನ್ನೆ ಮಾಡುವುದಕ್ಕೆ ಮುಂಚೆಯೇ ಗೋಲ್‌ಕೀಪರ್ ತನ್ನ ಮುಂದಿನ ಗುಂಪನ್ನು ಎಣಿಸಿ, ಹತ್ತಿರದ ಕಂಬಕ್ಕೆ ಒಬ್ಬನನ್ನು ಹೆಸರು ಹಿಡಿದು ಕೂಗಿ ಕರೆದು, ತನ್ನ ಕಾಲಿಗೆ ಅಡ್ಡ ನಿಂತ ಎದುರಾಳಿಯನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿ, ಒಂದೂವರೆ ಹೆಜ್ಜೆಯ ಜಾಗ ಮಾಡಿಕೊಳ್ಳುತ್ತಾನೆ. ಚೆಂಡು ಮೇಲೆದ್ದಾಗ ಬರುವುದೋ ನಿಲ್ಲುವುದೋ ಎಂಬ ನಿರ್ಣಯಕ್ಕೆ ಅವನಿಗಿರುವುದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಹೊರಟು ಅರ್ಧದಲ್ಲಿ ನಿಂತವನು ಕೆಟ್ಟ, ನಿಂತೇ ಇದ್ದವನೂ ಕೆಲವೊಮ್ಮೆ ಬದುಕುತ್ತಾನೆ. ಈ ಅರ್ಧ ನಿಮಿಷದಲ್ಲಿ ತಿಳಿಯುವಷ್ಟು ವಿಷಯ ‘0–6’ ಎಂಬ ಅಂಕಿಗಳಿಂದ ತಿಳಿಯುವುದಿಲ್ಲ. ಹೊಸ ರಕ್ಷಣಾ ಪಂಕ್ತಿಯವರು ಅವನ ಕೂಗಿಗೆ ಓಗೊಡುತ್ತಾರೆಯೋ ಇಲ್ಲವೋ ಎಂಬುದನ್ನೂ ಆಗಲೇ ಕಾಣಬಹುದು. ಓಗೊಡದಿದ್ದರೆ ಮುಂದೆ ಬೀಳುವ ಗೋಲಿನ ಪಾಪವನ್ನು ಹಂಚಿಹಾಕಬೇಕಾಗುತ್ತದೆ.

ಮಧ್ಯರಂಗದವನಾದರೆ ಅವನ ಕತ್ತನ್ನು ನೋಡಬೇಕು. ಚೆಂಡು ತನ್ನ ಕಡೆಗೆ ಉರುಳಿ ಬರುವುದಕ್ಕೆ ಮೊದಲು ಹೆಗಲ ಮೇಲಿನಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಿಂದಿರುಗಿ ನೋಡುವವನು ಚೆಂಡು ತಲುಪುವ ವೇಳೆಗೆ ಮುಂದಿನ ಪಾಸನ್ನು ಆರಿಸಿಕೊಂಡಿರುತ್ತಾನೆ. ನೋಡದವನು ಚೆಂಡು ನಿಲ್ಲಿಸಿ, ತಲೆಯೆತ್ತಿ, ಹಿಂದಕ್ಕೇ ಕೊಡುತ್ತಾನೆ. ರಕ್ಷಣಾ ಆಟಗಾರನಲ್ಲಿ ನೋಡತಕ್ಕದ್ದು ಅವನಿಗೂ ಪಕ್ಕದವನಿಗೂ ನಡುವಣ ಅಂತರ: ಕ್ಲಬ್ಬಿನ ಜೊತೆಗಾರನಿದ್ದಾಗ ಅದು ಹೆಚ್ಚಾಗಿ ಒಂದೇ ಅಳತೆಯಲ್ಲಿರುತ್ತದೆ, ಹೊಸಬನಿದ್ದಾಗ ರಬ್ಬರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮುಂಪಂಕ್ತಿಯವನ ವಿಷಯ ಸುಲಭ. ಅವನು ಓಡಿದ ಓಟಗಳನ್ನು ಎಣಿಸಿ, ಚೆಂಡು ಬಂದದ್ದನ್ನಲ್ಲ; ಹತ್ತು ಬಾರಿ ಸರಿಯಾದ ಜಾಗಕ್ಕೆ ಓಡಿ ಒಮ್ಮೆಯೂ ಚೆಂಡು ಸಿಗದವನು ಚೆನ್ನಾಗಿಯೇ ಆಡಿದ್ದಾನೆ.

ಎದುರಾಳಿಯ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಎಲ್ಲರೂ ಹೇಳುವ ಮಾತು. ಆದರೆ ಎದುರಾಳಿಯ ಉದ್ದೇಶವನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚಿನದು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಭಾರತ ಮಾಲ್ಡೀವ್ಸನ್ನು ಸೌಹಾರ್ದ ಪಂದ್ಯದಲ್ಲಿ 3–0ರಿಂದ ಸೋಲಿಸಿತು. ಹಿಂದಿನ ಜೂನಿನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ನಲವತ್ತರ ವಯಸ್ಸಿನಲ್ಲಿ ಮರಳಿ ಬಂದು ತಮ್ಮ 95ನೆಯ ಅಂತರರಾಷ್ಟ್ರೀಯ ಗೋಲನ್ನು ಗಳಿಸಿದರು. ರಾಹುಲ್ ಭೇಕೆ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಗೊಟ್ಟು ಇನ್ನೊಂದನ್ನು ಸೇರಿಸಿದರು. ಮೂರರಲ್ಲಿ ಎರಡು ಬೆಂಗಳೂರಿನ ಪಾಲು, ಊರಿಗೆ ಹಬ್ಬವಾಯಿತು. ಆರು ದಿನಗಳ ತರುವಾಯ ಅದೇ ಮೈದಾನದಲ್ಲಿ, ಮಾಲ್ಡೀವ್ಸ್‌ಗಿಂತ ಕೆಳಗಿನ ಶ್ರೇಯಾಂಕದ ಬಾಂಗ್ಲಾದೇಶದ ವಿರುದ್ಧ ಏಷ್ಯ ಕಪ್ಪಿನ ಅರ್ಹತಾ ಪಂದ್ಯ ನಡೆದಾಗ ಒಂದು ಗೋಲೂ ಬರಲಿಲ್ಲ, 0–0. ಬಾಂಗ್ಲಾದೇಶಕ್ಕೆ ಅಂದು ಒಂದು ಅಂಕ ಬೇಕಾಗಿತ್ತು. ಅಂಕ ಬೇಕಾದವನ ಕಾಲು ಹೇಗೆ ಓಡುತ್ತದೆ, ಬೇಡವಾದವನದು ಹೇಗೆ ಓಡುತ್ತದೆ ಎಂಬ ಭೇದವನ್ನು ಈ ಎರಡು ಸಂಜೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಮರೆಯುವುದಿಲ್ಲ.

ಮೊದಲ ಬಾರಿಗೆ ದೇಶದ ಅಂಗಿ ತೊಟ್ಟ ಹುಡುಗನ ವಿಷಯದಲ್ಲಂತೂ ತೀರ್ಪನ್ನು ಮುಂದಕ್ಕೆ ಹಾಕುವುದೇ ವಿವೇಕ. 2010ರ ಮಾರ್ಚ್ 3ರಂದು ಮ್ಯೂನಿಕ್ಕಿನಲ್ಲಿ ಅರ್ಜೆಂಟೀನಾ ಸೌಹಾರ್ದ ಪಂದ್ಯವೊಂದರಲ್ಲಿ ಜರ್ಮನಿಯನ್ನು 1–0ರಿಂದ ಗೆದ್ದಾಗ, ಬೈರ್ನ್ ಕ್ಲಬ್ಬಿನ ಥಾಮಸ್ ಮ್ಯುಲರ್ ಎಂಬ ತರುಣ ಆಗಷ್ಟೇ ರಾಷ್ಟ್ರತಂಡಕ್ಕೆ ಕಾಲಿಟ್ಟಿದ್ದರು. ಪತ್ರಿಕಾಗೋಷ್ಠಿಯಲ್ಲಿ ಪಕ್ಕದಲ್ಲಿ ಕುಳಿತ ಈ ಹುಡುಗ ಯಾರೆಂದು ತಿಳಿಯದೆ, ಚೆಂಡು ಹೆಕ್ಕುವ ಬಾಲಕನೆಂದು ಭಾವಿಸಿ, ಅರ್ಜೆಂಟೀನಾದ ಕೋಚ್ ಮರಡೋನಾ ಎದ್ದುಹೋದರಂತೆ. ನಾಲ್ಕು ತಿಂಗಳ ಬಳಿಕ ಕೇಪ್ ಟೌನಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನ ಮೂರನೆಯ ನಿಮಿಷದಲ್ಲಿ ಮರಡೋನಾರ ತಂಡದ ಮೇಲೆ ಮೊದಲ ಗೋಲು ಹೊಡೆದವರು ಅವರೇ. ಜರ್ಮನಿ 4–0ರಿಂದ ಗೆದ್ದಿತು, ಆ ವಿಶ್ವಕಪ್ಪಿನ ಚಿನ್ನದ ಬೂಟು ಮ್ಯುಲರ್ ಅವರದಾಯಿತು.

ಇನ್ನು ಗಾಯದ ಭಯ. ಕ್ಲಬ್ಬಿನ ಅಭಿಮಾನಿಗೆ ಸೌಹಾರ್ದ ಪಂದ್ಯವೆಂದರೆ ಎದೆ ಡವಗುಟ್ಟುವುದು ಇದರಿಂದಲೇ, ಮತ್ತು ಅದು ನಿರಾಧಾರವೂ ಅಲ್ಲ. 2006ರ ಜೂನಿನಲ್ಲಿ, ವಿಶ್ವಕಪ್ಪಿಗೆ ಕೆಲವೇ ದಿನಗಳಿದ್ದಾಗ, ಚೀನದ ವಿರುದ್ಧ ಸೌಹಾರ್ದ ಪಂದ್ಯದಲ್ಲಿ ಲಿವರ್‌ಪೂಲಿನ ಫ್ರೆಂಚ್ ಆಟಗಾರ ಜಿಬ್ರಿಲ್ ಸಿಸೆ ಕಾಲು ಮುರಿದುಕೊಂಡರು. 2009ರ ನವೆಂಬರಿನಲ್ಲಿ ಇಟಲಿಯ ವಿರುದ್ಧ ಹಾಲೆಂಡಿಗಾಗಿ ಆಡುತ್ತ ಪಾದದ ಕೀಲಿಗೆ ಪೆಟ್ಟು ತಿಂದ ರಾಬಿನ್ ವಾನ್ ಪರ್ಸಿ ಆರ್ಸೆನಲ್‌ಗೆ ತಿಂಗಳುಗಟ್ಟಲೆ ಇಲ್ಲದಾದರು. ಕ್ಲಬ್ಬುಗಳ ಈ ಗೋಳನ್ನು ಕೇಳಿ ಫಿಫಾ 2012ರಿಂದ ಒಂದು ರಕ್ಷಣಾ ಯೋಜನೆಯನ್ನು ನಡೆಸಿಕೊಂಡು ಬಂದಿದೆ: ದೇಶಕ್ಕಾಗಿ ಆಡುವಾಗ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಕಾಲ ಆಡಲಾಗದವನ ಸಂಬಳಕ್ಕೆಂದು ಕ್ಲಬ್ಬಿಗೆ ವರ್ಷಕ್ಕೆ 75 ಲಕ್ಷ ಯೂರೊಗಳ ತನಕ ಪರಿಹಾರ. ಆದ್ದರಿಂದ ನಿಮ್ಮವನು ನಲವತ್ತೈದು ನಿಮಿಷ ಆಡಿ ಹೊರಬಂದರೆ ‘ಕೋಚಿಗೆ ಅವನು ಮೆಚ್ಚುಗೆಯಾಗಲಿಲ್ಲ’ ಎಂದು ಕೊರಗಬೇಡಿ; ಎಷ್ಟೋ ವೇಳೆ ಅದು ಕ್ಲಬ್ಬಿನ ವೈದ್ಯರಿಗೂ ದೇಶದ ಕೋಚಿಗೂ ಮೊದಲೇ ಆಗಿರುವ ಒಪ್ಪಂದ. ಕಠಿಣವಾದ ಟ್ಯಾಕಲ್ಲಿನಿಂದ ಅವನು ಕಾಲು ಹಿಂದೆಗೆದುಕೊಂಡರೆ ಅದನ್ನು ಹೇಡಿತನವೆಂದು ಬರೆದಿಡಬೇಡಿ. ಸಂಬಳ ಕೊಡುವವರು ಯಾರೆಂಬುದು ಅವನಿಗೆ ಗೊತ್ತಿದೆ.

ಪಂದ್ಯ ಮುಗಿದ ಮರುಗಳಿಗೆಯಲ್ಲೇ ಮೊಬೈಲಿನಲ್ಲಿ ಹತ್ತಕ್ಕೆ ಏಳು, ಹತ್ತಕ್ಕೆ ಐದೂವರೆ ಎಂದು ಆಟಗಾರರಿಗೆ ಅಂಕ ಬೀಳುತ್ತದೆ. ಆ ಅಂಕಗಳನ್ನು ನಾನು ಹೆಚ್ಚಾಗಿ ನಂಬುವುದಿಲ್ಲ; ಅವು ಚೆಂಡು ಮುಟ್ಟಿದ್ದನ್ನು ಎಣಿಸುತ್ತವೆ, ಮುಟ್ಟದೆ ಮಾಡಿದ್ದನ್ನು ಎಣಿಸಲಾರವು. ಅದಕ್ಕಿಂತ ಕೋಚು ಪಂದ್ಯಾನಂತರ ಆಡಿದ ಮಾತನ್ನು ಓದುವುದು ಮೇಲು, ಅದರಲ್ಲಿಯೂ ಅವನು ಯಾರ ಹೆಸರನ್ನು ಹೇಳಲಿಲ್ಲವೆಂಬುದನ್ನು. ಅದಕ್ಕಿಂತಲೂ ಮೇಲಾದದ್ದು, ಆಟಗಾರ ಊರಿಗೆ ಹಿಂದಿರುಗಿ ಆಡುವ ಕ್ಲಬ್ಬಿನ ಮೊದಲ ಪಂದ್ಯವನ್ನು ಕಾದು ನೋಡುವುದು. ಶಿಲ್ಲಾಂಗ್‌ನ ಆ 0–0 ಮುಗಿದು ನಾಲ್ಕೇ ದಿನಗಳಾಗಿದ್ದುವು. ಕಂಠೀರವದಲ್ಲಿ ಬೆಂಗಳೂರು ಮುಂಬೈ ಸಿಟಿಯನ್ನು ಪ್ಲೇಆಫ್ ಪಂದ್ಯದಲ್ಲಿ 5–0ರಿಂದ ಮಣಿಸಿತು, ಛೇತ್ರಿಯವರೂ ಸುರೇಶರೂ ಗೋಲು ಗಳಿಸಿದರು. ಬಾಂಗ್ಲಾದೇಶದ ಪಂದ್ಯ ನೋಡಿ ಛೇತ್ರಿಯವರನ್ನು ಮತ್ತೊಮ್ಮೆ ನಿವೃತ್ತಿಗೆ ಕಳುಹಿಸಿದ್ದವರು ನಾಲ್ಕು ದಿನ ಸುಮ್ಮನಿದ್ದಿದ್ದರೆ ಸಾಕಾಗಿತ್ತು.

ಹಾಗೆಂದು ಟೀಕೆ ಮಾಡಲೇಬಾರದೆಂದಲ್ಲ. ಟೀಕೆಗೂ ಒಂದು ಯೋಗ್ಯತೆ ಬೇಕು. 2018ರ ಜೂನ್ 1ರಂದು ಮುಂಬಯಿಯ ಅಂಧೇರಿಯಲ್ಲಿ ಚೈನೀಸ್ ತೈಪೆಯ ಮೇಲೆ ಭಾರತ 5–0ರಿಂದ ಗೆದ್ದಾಗ, ಛೇತ್ರಿ ಮೂರು ಗೋಲು ಹೊಡೆದ ಆ ಸಂಜೆಯನ್ನು ಕಣ್ಣಾರೆ ಕಂಡವರು 2,569 ಮಂದಿ. ಮರುದಿನ ಛೇತ್ರಿ ಒಂದು ವಿಡಿಯೊದಲ್ಲಿ ದೇಶದ ಜನರನ್ನು ಕೈಮುಗಿದು ಬೇಡಿಕೊಂಡದ್ದು ಹೊಗಳಿರೆಂದಲ್ಲ. ಬೈಯುವುದಿದ್ದರೆ ಮೈದಾನಕ್ಕೆ ಬಂದು ಮುಖದೆದುರಿಗೇ ಬೈಯಿರಿ ಎಂದು. ಕೆನ್ಯದ ವಿರುದ್ಧ ಅವರ ನೂರನೆಯ ಪಂದ್ಯಕ್ಕೆ ಟಿಕೆಟುಗಳೆಲ್ಲ ಮಾರಿಹೋದುವು. ಮುಂದಿನ ಸೌಹಾರ್ದ ಪಂದ್ಯ ನಿಮಗೆ ಹೋಗಿಬರಬಹುದಾದಷ್ಟು ದೂರದಲ್ಲಿ ನಡೆಯುವುದಾದರೆ ಟಿಕೆಟು ಕೊಂಡು ಹೋಗಿ, ಗೋಲಿನ ಹಿಂದೆ ಕೂರದೆ ಇಡೀ ಮೈದಾನ ಕಾಣುವಂತೆ ಉದ್ದದ ಬದಿಯ ಮೇಲಿನ ಸಾಲಿನಲ್ಲಿ ಕೂತು ನೋಡಿ, ಆಮೇಲೆ ಬೈಯಿರಿ.